ಕಡಲಿನ ಸಾಲ

ನಮ್ಮ ಸಲ್ವಾದ ಕನ್ನಡ ತರಗತಿಯಲ್ಲಿ ನನ್ನ ಕೆಲಸ ಅಕ್ಷರ ತಿದ್ದಿಸುವುದು. ಆ ದಿನ 'ಕ'ದಿಂದ ಶುರುವಾಗುವ ಪದ ಹೇಳಿ ಅಂದೆ. ಕಮಲ, ಕರಡಿ, ಕಬ್ಬು ಎಲ್ಲ ಆದ ಮೇಲೆ ನನ್ನ ಮಗಳು ಎದ್ದು ನಿಂತು "ಕಡಲ್ಕೊರೆತ" ಅಂದಳು. ಉಳ್ಳಾಲದಿಂದ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ ಕೇಳಿ ಕಲಿತ ಪದ ಅದು.

"ಹಾಗಂದ್ರೆ ಏನು ಅಂಕಲ್?"

ಹೇಳಿದರೆ ಅರ್ಥವಾಗದು ಅನ್ನಿಸಿತು. ಮುಂದಿನ ವಾರ ಒಂದು ಟ್ರೇ, ಒಂದಿಷ್ಟು ಮರಳು ಹೊತ್ತುಕೊಂಡು ಹೋದೆ.

ಮೊದಲು ಗೋಡೆಯ ಮಾತು. ಸಮುದ್ರದ ಹತ್ತಿರದ ಹಳೇ ಕಾಂಪೌಂಡ್ ಗೋಡೆಗೆ ಬೆರಳು ತಾಗಿಸಿದರೆ ಪುಡಿ ಉದುರುತ್ತದಲ್ಲ? ಉಪ್ಪುನೀರು ಗೋಡೆಯ ಸಣ್ಣ ಸಣ್ಣ ತೂತುಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಹರಳಾಗುತ್ತದೆ, ಹರಳು ಬೆಳೆದು ಒಳಗಿನಿಂದ ತಳ್ಳುತ್ತದೆ. ಬಂಡೆಗಲ್ಲಿಗೂ ಇದೇ ಗತಿ. ಹೀಗೆ ನಿಂತಲ್ಲೇ ಪುಡಿಯಾಗುವುದಕ್ಕೆ ಶಿಥಿಲೀಕರಣ ಅಂತ ದೊಡ್ಡ ಹೆಸರು. ಆ ಪುಡಿಯನ್ನು ಗಾಳಿಯೋ ನೀರೋ ಹೊತ್ತೊಯ್ದರೆ ಸವೆತ. ಧೂಳಿನ ಗಾಳಿ ಬಂದ ಮರುದಿನ ಬಾಲ್ಕನಿ ಗುಡಿಸುವ ಅಮ್ಮಂದಿರಿಗೆ ಇದನ್ನು ವಿವರಿಸಬೇಕಿಲ್ಲ!

ಆಮೇಲೆ ಟ್ರೇಯ ಒಂದು ಬದಿಗೆ ಮರಳು ಒಟ್ಟಿ, ಮೇಲೊಂದು ಲೆಗೋ ಮನೆ ಇಟ್ಟು, ನೀರು ಹಾಕಿ ಡಬ್ಬಿಯ ಮುಚ್ಚಳದಿಂದ ಅಲೆ ಎಬ್ಬಿಸಿದೆವು. ಹತ್ತಿಪ್ಪತ್ತು ಅಲೆಗೆ ಬುಡ ಕುಸಿದು ಮನೆ ಬಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಮಗಳು ತಟ್ಟಲಿಲ್ಲ.

ನಾನು ಚಿಕ್ಕವನಿದ್ದಾಗ ದೊಡ್ಡಮ್ಮನ ಅಂಗಳದಿಂದ ಕಡಲಿಗೆ ಹೋಗಲು ನಾಲ್ಕು ಸಾಲು ತೆಂಗು ದಾಟಬೇಕಿತ್ತು. ಈಗ ಒಂದೇ ಸಾಲು.

ಕಾರಿನಲ್ಲಿ ಕೇಳಿದಳು, "ಅಪ್ಪ, ಸಮುದ್ರ ಕಳ್ಳನಾ?"

ಕಳ್ಳ ಅಲ್ಲ ಮಗಾ, ಸಾಲ ತೆಗೆದುಕೊಳ್ಳುತ್ತದೆ ಅಂದೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರ ನೀರಿನಡಿ ರಾಶಿ ಹಾಕುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನಕ್ಕೆ ವಾಪಸ್ ತರುತ್ತವೆ. ಹೊಸ ಮರಳನ್ನು ನದಿ ತರುತ್ತದೆ. ನದಿಗೆ ಅಣೆಕಟ್ಟು ಕಟ್ಟಿ, ಇದ್ದ ಮರಳನ್ನೂ ಲಾರಿಗೆ ತುಂಬಿಸಿ, ದಡದುದ್ದಕ್ಕೆ ಸಾಗುವ ಮರಳಿಗೆ ಅಡ್ಡ ಗೋಡೆ ಕಟ್ಟಿದರೆ ಕಡಲು ಎಲ್ಲಿಂದ ಸಾಲ ತೀರಿಸಬೇಕು? ಉಳ್ಳಾಲದಲ್ಲಿ ದಡಕ್ಕೆ ಬಂಡೆ ಸುರಿದದ್ದಾಯಿತು, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಅಲೆ ತಡೆಯುವ ದಿಬ್ಬ ಕಟ್ಟಿದ್ದೂ ಆಯಿತು. "ಕಲ್ಲು ಹಾಕಿದಲ್ಲಿ ನಿಲ್ತದೆ, ಪಕ್ಕದಲ್ಲಿ ಕೊರೀತದೆ ಮಾರಾಯ" ಅನ್ನುತ್ತಾರೆ ದೊಡ್ಡಮ್ಮ. ಇಂಜಿನಿಯರಿಂಗ್ ಓದಿದ ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆದ್ರೆ ವಾಪಸ್ ಕೊಡೋದನ್ನ ನಾನು ನೋಡೇ ಇಲ್ಲ."

ಹೌದಲ್ಲ! ಇಲ್ಲಿನ ಶಾಲೆಗೆ ರಜೆ ಸಿಗುವುದು ಜುಲೈ-ಆಗಸ್ಟ್‌ನಲ್ಲಿ. ಪ್ರತಿ ಸಲ ನಾವು ಊರಿಗೆ ಹೋಗುವುದು ಕಡಲು ಸಾಲ ಎತ್ತುವ ಹೊತ್ತಿಗೆ. ಅಗಲವಾದ, ಒಣಗಿದ, ಓಡಾಡಬಹುದಾದ ಉಳ್ಳಾಲದ ಮರಳು ಅವಳಿಗೆ ಗೊತ್ತೇ ಇಲ್ಲ.

ಮನೆಗೆ ಬಂದವಳೇ ದೊಡ್ಡಮ್ಮನಿಗೆ ಫೋನ್ ಹಚ್ಚಿದಳು. "ಅಜ್ಜಿ, ಮರಳು ವಾಪಸ್ ಬಂತಾ?"

"ಸ್ವಲ್ಪ ಬಂದಿದೆ ಮಗಾ. ನಿನಗೆ ಆಡ್ಲಿಕ್ಕೆ ಸಾಕು."

ಡಿಸೆಂಬರ್‌ಗೆ ಮಂಗಳೂರಿನ ಟಿಕೆಟ್ ನೋಡುತ್ತಿದ್ದೇನೆ. ದರ ಕೇಳಬೇಡಿ.