ಕಂಟೋನ್ಮೆಂಟಿಗೆ ಹೋಗಿಬಂದದ್ದು

ಕಳೆದ ಮಾಘಮಾಸದಲ್ಲಿ ನಮ್ಮ ಅಕ್ಕನವರ ಕಾಗದಪತ್ರದ ಕೆಲಸಕ್ಕಾಗಿ ಕುರುಗೋಡಿನಿಂದ ಬಸ್ಸು ಹತ್ತಿ ಬಳ್ಳಾರಿಯ ಕಂಟೋನ್ಮೆಂಟಿಗೆ ಹೋಗಿದ್ದೆವು. ಆಂಗ್ಲರ ದಂಡು ಬೀಡುಬಿಟ್ಟಿದ್ದ ಭಾಗವದು. ದಂಡು ಎಂದೋ ಹೋಯಿತು. ಹೆಸರು ಮಾತ್ರ ನಿಂತಿದೆ. ಆ ಹೆಸರಾದರೂ ಆಂಗ್ಲರ ಸ್ವಂತದ್ದಲ್ಲ, ಫ್ರೆಂಚರಿಂದ ಕಡ ತಂದದ್ದು. ಫ್ರೆಂಚರ ನಂಟು ಈ ಊರಿಗೆ ಹಳೆಯದು. ಹೈದರಾಲಿಗಾಗಿ ಇಲ್ಲಿಯ ಕೋಟೆಯನ್ನು ಕಟ್ಟಿಸಿದ ಫ್ರೆಂಚ್ ಶಿಲ್ಪಜ್ಞನನ್ನು, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆಯೆಂಬ ತಪ್ಪಿಗಾಗಿ ಗಲ್ಲಿಗೇರಿಸಿದರೆಂದು ಐತಿಹ್ಯವುಂಟು.

ಕಚೇರಿಯ ಬಾಗಿಲಲ್ಲಿ ಜವಾನನು ಒಳಗಿದ್ದ ಅಧಿಕಾರಿಣಿಯವರನ್ನು ‘ಮೇಡಂ’ ಎಂದು ಬಾಗಿ ಕರೆದು, ಮರುಕ್ಷಣದಲ್ಲಿಯೇ ನಮ್ಮ ಅಕ್ಕನವರಿಗೆ ‘ಏ ಮುದುಕೀ, ಆಚೆ ನಿಲ್ಲು’ ಎಂದನು. ನಮಗೆ ಕೋಪವೇರಿತು. ಮೇಡಂ ಎಂಬುದೂ ಫ್ರೆಂಚರ ಮಾತೇ. ‘ನನ್ನ ಒಡತಿ’ ಎಂದು ಅದರ ಅರ್ಥ. ಅದರ ಮೂಲವು ಲ್ಯಾಟಿನ್ನಿನ ‘ದೋಮಿನ’, ಮನೆಯೊಡತಿ. ಆ ಭಾಷೆಯಲ್ಲಿ ಮನೆಗೆ ‘ದೋಮುಸ್’, ನಮ್ಮ ವೇದಭಾಷೆಯಲ್ಲಿ ‘ದಮ’. ದಂಪತಿಯೊಳಗೆ ಅಡಗಿರುವುದೂ ಅದೇ. ಒಂದು ಮನೆಯನ್ನು ಐವತ್ತು ವರ್ಷ ನಡೆಸಿದ ಒಡತಿಯೇ ಬಿಸಿಲಿನಲ್ಲಿ ನಿಂತಿದ್ದರು! ಪರಸ್ತ್ರೀಯನ್ನು ‘ಭವತಿ’, ‘ಸುಭಗೆ’, ‘ಭಗಿನಿ’ ಎಂದು ಕರೆಯಬೇಕೆಂದು ಮನುವಿನ ವಿಧಿಯಿರುವುದನ್ನು ಜವಾನನಿಗೆ ತಿಳಿಸಿ ಹೇಳುವಷ್ಟರಲ್ಲಿ ಅಕ್ಕನವರು ನಮ್ಮ ತೋಳು ಹಿಡಿದು ಒಳಕ್ಕೆ ಕರೆದೊಯ್ದರು. ಮೇಷ್ಟರ ಚಾಳಿ ನಿವೃತ್ತಿಯಿಂದ ಹೋಗುವುದಿಲ್ಲ.

ಅರ್ಜಿಯ ಮೊದಲ ಸಾಲಿನಲ್ಲಿ ‘ಶ್ರೀ, ಶ್ರೀಮತಿ, ಕುಮಾರಿ’ ಎಂದು ಅಚ್ಚಾಗಿತ್ತು. ಅಕ್ಕನವರ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಗಿದೆ. ನಮ್ಮ ಲೇಖನಿಯು ಅಲ್ಲಿ ತಡೆಯಿತು. ಯಾವ ಗುರುತನ್ನೂ ಹಾಕದೆ ಮುಂದಿನ ಸಾಲಿಗೆ ಹೋದೆವು. ಅಕ್ಕನವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಯಾಕೋ ತಮ್ಮಾ, ಅಲ್ಲಿ ಖಾಲಿ ಬಿಟ್ಟಿ? ಶ್ರೀಮತಿ ಅಂದ್ರ ಗಂಡ ಇದ್ದಾಕಿ ಅಂತ ಯಾವ ಪುಸ್ತಕದಾಗ ಬರ್ದಾರ?”

ಯಾವ ಪುಸ್ತಕದಲ್ಲಿಯೂ ಇಲ್ಲ. ‘ಶ್ರೀ’ಗೆ ಮತುಪ್ ಪ್ರತ್ಯಯ ಹತ್ತಿದರೆ ಶ್ರೀಯುಳ್ಳವಳು ಎಂದಷ್ಟೇ ಅರ್ಥ. ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಹೇಳಿಕೊಟ್ಟವರು ನಾವು. ಆಂಗ್ಲರ ‘ಮಿಸೆಸ್’, ‘ಮಿಸ್’ಗಳೂ ‘ಮಿಸ್ಟ್ರೆಸ್’ ಎಂಬ ಒಂದೇ ಪದದ ತುಂಡುಗಳು. ಹಿಂದೆ ಆ ಪದವು ಮದುವೆಯನ್ನು ವಿಚಾರಿಸುತ್ತಿರಲಿಲ್ಲ. ವಿಚಾರಿಸದ ‘ಮಿಜ್’ ಎಂಬ ಹೊಸ ರೂಪವನ್ನು 1901ರಲ್ಲಿ ಅಮೆರಿಕೆಯ ಪತ್ರಿಕೆಯೊಂದು ಸೂಚಿಸಿತು. ಅದು ಬಳಕೆಗೆ ಬರಲು 1970ರ ದಶಕವೇ ಬೇಕಾಯಿತು. ಫ್ರೆಂಚ್ ಸರಕಾರವು ಅವಿವಾಹಿತೆಗೆ ಸಲ್ಲುತ್ತಿದ್ದ ‘ಮಾದ್ಮುವಾಜೆಲ್’ ಎಂಬುದನ್ನು 2012ರಲ್ಲಿ ತನ್ನ ಅರ್ಜಿಗಳಿಂದ ತೆಗೆಯಿಸಿ, ಎಲ್ಲ ಸ್ತ್ರೀಯರಿಗೂ ‘ಮಾದಾಮ್’ ಒಂದನ್ನೇ ಉಳಿಸಿತು.

ಜವಾನನ ಮೇಲೆ ಬಂದಿದ್ದ ಕೋಪವು ಅಲ್ಲಿಯೇ ಇಳಿಯಿತು. ಶ್ರೀಮತಿಯ ಮುಂದೆ ಗುರುತು ಹಾಕಿ ಕಾಗದವನ್ನು ಕೊಟ್ಟೆವು. ಅಧಿಕಾರಿಣಿಯವರು ಓದಿ, “ಕೂತ್ಕೊಳ್ರಿ ಅಮ್ಮಾ” ಎಂದರು.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಕ್ಕನವರು ಕೋಟೆಯನ್ನು ನೋಡೋಣವೆಂದರು.