ಲಿಫ್ಟ್ ಕಾಣದವರ ಫಿಸಿಕ್ಸ್

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಬಂತೆಂಬ ಒಂದೇ ಕಾರಣಕ್ಕೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರ ಮೊದಲ ಮೂರು ತಿಂಗಳು ಹೇಗಿರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಗಣಿತದಲ್ಲಿ ಅಂಕಿಗಳಾದರೂ ಕೈ ಹಿಡಿಯುತ್ತವೆ. ಕೆಮಿಸ್ಟ್ರಿಯನ್ನು ಉರು ಹೊಡೆದಾದರೂ ದಡ ಸೇರಬಹುದು. ಫಿಸಿಕ್ಸ್ ಮಾತ್ರ ಎರಡಕ್ಕೂ ಬಗ್ಗುವ ಪೈಕಿಯಲ್ಲ.

ನಾನು ಮಾಲೂರಿನವನು. ಹೆಂಚು, ಇಟ್ಟಿಗೆ, ನೀಲಗಿರಿ ತೋಪುಗಳ ಊರು ನಮ್ಮದು. ಅಪ್ಪ ಹೆಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿಯ ಕೆಲಸಕ್ಕಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಒಂದಿಷ್ಟು ತಮಿಳು. ನಮ್ಮ ಕಡೆ ಇದೇನೂ ವಿಶೇಷವಲ್ಲ. 1992ರಲ್ಲಿ ನಾನು ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುವಷ್ಟು ದೂರದ ಕಾಲೇಜೊಂದಕ್ಕೆ ಸೇರಿದಾಗ ಈ ಮೂರರ ಮೇಲೆ ನಾಲ್ಕನೆಯದಾಗಿ ಇಂಗ್ಲಿಷ್ ಬಂದು ಕೂತಿತು.

ಕಾಲೇಜಿನ ಹೆಸರು ಇಲ್ಲಿ ಬೇಡ. ಮೊದಲ ಎರಡು ತಿಂಗಳು ನಮಗೆ ನಡೆದದ್ದು ಪಾಠವಲ್ಲ, ಉಕ್ತಲೇಖನ. ಲೆಕ್ಚರರ್ ಹಳೆಯ ನೋಟ್ಸ್ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಇನರ್ಷಿಯಾ, ಮೊಮೆಂಟಮ್, ಅಕ್ಸಲರೇಷನ್ ಎಂದು ಒಂದೊಂದೇ ಶಬ್ದ ಬೋರ್ಡಿನ ಮೇಲೆ ಬೀಳುತ್ತಿದ್ದಂತೆ ಹಿಂದಿನ ಬೆಂಚಿನ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ತಮಾಷೆಯೆಂದರೆ ಇವೆಲ್ಲ ನಮಗೆ ಗೊತ್ತಿದ್ದವುಗಳೇ. ಹೈಸ್ಕೂಲಿನಲ್ಲಿ ಜಡತ್ವ ಎಂದು, ಸಂವೇಗ ಎಂದು, ವೇಗೋತ್ಕರ್ಷ ಎಂದು ಓದಿ, ಲೆಕ್ಕ ಮಾಡಿ, ಅಂಕ ಗಳಿಸಿ ಬಂದವರು ನಾವು. ಮೊಮೆಂಟಮ್ ಎಂದರೆ ಸಂವೇಗ ಕಣ್ರಯ್ಯಾ ಎಂದು ಯಾರಾದರೂ ಒಂದೇ ಒಂದು ಮಾತು ಹೇಳಿದ್ದರೆ ಎಷ್ಟೋ ಹುಡುಗರ ಎರಡು ತಿಂಗಳು ಉಳಿಯುತ್ತಿತ್ತು. ಪರಿಚಯದ ಮನುಷ್ಯ ಸೂಟು ಬೂಟು ಹಾಕಿಕೊಂಡು ಎದುರಿಗೆ ಬಂದಾಗ ಗುರುತು ಸಿಗದೆ ಕೈಮುಗಿದು ದೂರ ನಿಂತಂತೆ ಆಗಿತ್ತು ನಮ್ಮ ಸ್ಥಿತಿ.

ಮೊದಲ ಟೆಸ್ಟಿನಲ್ಲಿ ನನಗೆ 25ಕ್ಕೆ 6 ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. 'ಆಗದಿದ್ದರೆ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳಪ್ಪ. ಟಿ.ಸಿ.ಎಚ್. ಮಾಡಿ ಮೇಷ್ಟ್ರಾದರೂ ಆಗಬಹುದು' ಎಂದರು. ಟ್ಯೂಷನ್ನಿಗೆ ಕಳಿಸುವ ಶಕ್ತಿ ಮನೆಗಿರಲಿಲ್ಲ. ವಿಭಾಗ ಬದಲಾಯಿಸಲು ಇನ್ನು ಹತ್ತೋ ಹನ್ನೆರಡೋ ದಿನ ಉಳಿದಿತ್ತು. ನನ್ನ ಜೊತೆ ರೈಲಿನಲ್ಲಿ ಟೇಕಲ್‌ನಿಂದ ಬರುತ್ತಿದ್ದ ಇಬ್ಬರು ಆಗಲೇ ಬದಲಾಯಿಸಿಕೊಂಡಿದ್ದರು. ನಾನೂ ಅರ್ಜಿ ಬರೆದು ಅಪ್ಪನ ಸಹಿ ಹಾಕಿಸಿ ನೋಟ್ಸ್‌ನೊಳಗೆ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಹಳೆಯ ಲೆಕ್ಚರರಿಗೆ ವರ್ಗವಾಗಿ ಬೇರೊಬ್ಬರು ಬಂದರು. ಸಾಧಾರಣ ಮನುಷ್ಯ. ತೋಳಿನ ತುಂಬ ಸೀಮೆಸುಣ್ಣದ ಪುಡಿ. ಬಂದ ಎರಡನೆಯ ದಿನವೋ ಮೂರನೆಯ ದಿನವೋ ಬೋರ್ಡಿನ ಮೇಲೆ ಒಂದು ಚೌಕ ಎಳೆದು, ಅದರೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಕಾಲ ಕೆಳಗೊಂದು ತೂಕದ ಯಂತ್ರ ಬರೆದರು. ಇದು ಲಿಫ್ಟು, ಕೆಳಕ್ಕೆ ಹೊರಟಿದೆ, ಯಂತ್ರ ಈಗ ಹೆಚ್ಚು ತೂಕ ತೋರಿಸುತ್ತದೋ ಕಡಿಮೆಯೋ ಎಂದು ಕೇಳಿದರು. ಎಲ್ಲರೂ ಸುಮ್ಮನೆ ಕೂತಿದ್ದೆವು. 'ಲಿಫ್ಟಿನಲ್ಲಿ ಹೋಗಿದ್ದೀರೇನ್ರಯ್ಯಾ ಯಾರಾದರೂ?' ಎಂದರೆ ಎದ್ದ ಕೈ ನಾಲ್ಕೋ ಐದೋ. ಮಾಲೂರಿನಲ್ಲಿ ಆಗ ಲಿಫ್ಟೆಲ್ಲಿಂದ ಬರಬೇಕು? ಪಠ್ಯಪುಸ್ತಕ ಬರೆದ ಪುಣ್ಯಾತ್ಮರು ಇದನ್ನು ಯೋಚಿಸಿದಂತಿಲ್ಲ. ಲೆಕ್ಚರರ್ ನಕ್ಕು, 'ಇಂಗ್ಲಿಷೇ ಆಗಬೇಕು ಅಂತೇನಿಲ್ಲ, ಕನ್ನಡದಲ್ಲಿ ಹೇಳಿ. ತೆಲುಗಾದರೂ ನಡೆಯುತ್ತೆ' ಎಂದರು.

ಆಗ ನನಗೆ ಮಾವ ನೆನಪಾದರು. ಅಮ್ಮನ ತಮ್ಮ, ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ. ಬೇಸಿಗೆ ರಜೆಯಲ್ಲಿ ಬಂಗಾರಪೇಟೆಯಲ್ಲಿಳಿದು ಮಾರಿಕುಪ್ಪಂ ರೈಲು ಹಿಡಿದು ಅವರ ಲೈನ್ ಮನೆಗೆ ಹೋದರೆ ರಾತ್ರಿಯೆಲ್ಲ ಗಣಿಯದೇ ಕಥೆ. ಕೇಜಿನಲ್ಲಿ ಇಳಿಯುವುದನ್ನಂತೂ ಅಭಿನಯಿಸಿ ತೋರಿಸುತ್ತಿದ್ದರು. ನಾನು ಎದ್ದು ನಿಂತು ಅವರು ಹೇಳಿದ್ದನ್ನೇ ಹೇಳಿದೆ: 'ಕೇಜು ಬಿಟ್ಟ ಕೂಡಲೇ ಹೊಟ್ಟೆ ಗಂಟಲಿಗೆ ಬರುತ್ತಂತೆ ಸಾರ್, ಮೈ ಹಗುರ ಆಗುತ್ತಂತೆ. ಆಮೇಲೆ ಎಷ್ಟು ಜೋರಾಗಿ ಇಳೀತಿದ್ದರೂ ಮನೇಲಿ ನಿಂತ ಹಾಗೇ ಇರುತ್ತಂತೆ. ಕೆಳಗೆ ನಿಲ್ಲೋವಾಗ ಮಾತ್ರ ಹೆಗಲ ಮೇಲೆ ಯಾರೋ ಮೂಟೆ ಇಟ್ಟ ಹಾಗೆ ಮೊಣಕಾಲು ಕುಸಿಯುತ್ತಂತೆ.'

ಲೆಕ್ಚರರ್ ಸೀಮೆಸುಣ್ಣ ಕೆಳಗಿಟ್ಟರು. 'ಪೂರ್ತಿ ಪಾಠ ನಿಮ್ಮ ಮಾವನೇ ಮುಗಿಸಿಬಿಟ್ಟಿದ್ದಾರಲ್ಲಯ್ಯ' ಎಂದರು.

ಆಮೇಲೆ ಮಾವನ ಮೂರು ಮಾತುಗಳನ್ನು ಮೂರು ಸಾಲುಗಳಾಗಿ ಬರೆದರು. ಕೇಜು ಬಿಟ್ಟಾಗ ಕೆಳಮುಖ ವೇಗೋತ್ಕರ್ಷವಿದೆ, ನೆಲ ಕಾಲನ್ನು ಒತ್ತುವ ಬಲ ಕಡಿಮೆಯಾಗುತ್ತದೆ. ಒಂದೇ ವೇಗದಲ್ಲಿ ಇಳಿಯುವಾಗ ವೇಗೋತ್ಕರ್ಷ ಸೊನ್ನೆ, ತೂಕದಲ್ಲಿ ಬದಲಾವಣೆ ಇಲ್ಲ. ನಿಲ್ಲುವಾಗ ವೇಗೋತ್ಕರ್ಷ ಮೇಲ್ಮುಖ, ಒತ್ತುವ ಬಲ ಹೆಚ್ಚು. 60 ಕೆ.ಜಿ. ಮನುಷ್ಯನನ್ನು ನೆಲ ಒತ್ತುವುದು 588 ನ್ಯೂಟನ್ ಬಲದಿಂದ. ಲಿಫ್ಟು ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನಂತೆ ವೇಗ ಪಡೆಯುತ್ತ ಕೆಳಗಿಳಿದರೆ 9.8ರಲ್ಲಿ 2 ಕಳೆದು 60ರಿಂದ ಗುಣಿಸಬೇಕು, 468 ನ್ಯೂಟನ್. ಯಂತ್ರ 48 ಕೆ.ಜಿ.ಯ ಹತ್ತಿರ ತೋರಿಸುತ್ತದೆ. ಮೈ ಕರಗಿಲ್ಲ, ನೆಲ ಸ್ವಲ್ಪ ಕೈಬಿಟ್ಟಿದೆ ಅಷ್ಟೆ.

ನನ್ನನ್ನು ಹಿಡಿದದ್ದು ನಡುವಿನ ಸಾಲು. ಎಷ್ಟೇ ವೇಗವಿರಲಿ, ಅದು ಬದಲಾಗದಿದ್ದರೆ ಮೈಗೆ ತಿಳಿಯುವುದೇ ಇಲ್ಲ ಎಂಬುದು. ಆ ಸಂಜೆ ರೈಲು ಹೊರಟಾಗ ಬೆನ್ನು ಹಿಂದಕ್ಕೆ ಒತ್ತಿದ್ದನ್ನು, ಮಾಲೂರು ಬಂದಾಗ ಮುಂದಕ್ಕೆ ವಾಲಿದ್ದನ್ನು, ನಡುವೆ ಕಣ್ಣು ಮುಚ್ಚಿದರೆ ಸದ್ದು ಕುಲುಕಾಟ ಬಿಟ್ಟು ಏನೂ ತಿಳಿಯದಿದ್ದುದನ್ನು ಗಮನಿಸುತ್ತ ಬಂದೆ. ಅದೇ ರೈಲಿನಲ್ಲಿ ಎರಡು ತಿಂಗಳಿಂದ ಓಡಾಡುತ್ತಿದ್ದೆ.

ಮನೆಗೆ ಬಂದು ಅಪ್ಪನಿಗೆ ತೆಲುಗಿನಲ್ಲಿ ಎಲ್ಲ ಹೇಳಿದೆ. ಮರುದಿನದಿಂದ ಅವರು ಊಟಕ್ಕೆ ಕೂತಾಗ 'ಇವತ್ತೇನು ಹೇಳಿಕೊಟ್ಟರು?' ಎಂದು ಕೇಳತೊಡಗಿದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಕ್ಕಳ ಓದಿಗೆ ತಮ್ಮಿಂದೇನಾಗುತ್ತದೆ ಎಂದು ಕೈಚೆಲ್ಲುವ ತಂದೆತಾಯಿ ಇದೊಂದನ್ನು ಮಾಡಿ ನೋಡಬಹುದು. ಅಪ್ಪನಿಗೆ ವಿವರಿಸುವಾಗ ಎಲ್ಲಿ ತೊದಲುತ್ತಿದ್ದೆನೋ ಅಲ್ಲಿ ನನಗೇ ತಿಳಿದಿಲ್ಲ ಎಂದು ಗೊತ್ತಾಗುತ್ತಿತ್ತು. ಶಾಖದಿಂದ ವಸ್ತು ಹಿಗ್ಗುವ ಪಾಠ ಬಂದಾಗ ಮಾತ್ರ ಅವರೇ ಮೇಷ್ಟ್ರು. ಬಿಸಿ ಆರುವ ಮುಂಚೆ ಭಟ್ಟಿಯ ಬಾಯಿ ತೆಗೆದರೆ ಹೆಂಚು ಏಕೆ ಸೀಳುತ್ತದೆ, ಹೊರಮೈ ಮೊದಲು ತಣಿದು ಕುಗ್ಗಿದರೆ ಒಳಮೈ ಏನು ಮಾಡುತ್ತದೆ ಎಂದು ಹೆಂಚಿನ ಚೂರು ಹಿಡಿದು ತೋರಿಸಿದರು. ಆರ್ಟ್ಸ್ ಅರ್ಜಿ ನೋಟ್ಸ್‌ನೊಳಗೇ ಉಳಿಯಿತು. ಎರಡನೆಯ ಟೆಸ್ಟಿನಲ್ಲಿ 14 ಬಂತು. ದೊಡ್ಡದೇನಲ್ಲ.

ಆ ಲೆಕ್ಚರರಿಗೆ ಜಿಲ್ಲೆಯ ಅಭಿಮಾನ ಸ್ವಲ್ಪ ಹೆಚ್ಚು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೋಗಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ಗೆ ಡಾಕ್ಟರೇಟ್ ಪಡೆದು, ಮತ್ತೆ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಬಂದ ಎಚ್. ನರಸಿಂಹಯ್ಯನವರ ಮಾತು ಆಗಾಗ ಬರುತ್ತಿತ್ತು. ಗೌರಿಬಿದನೂರು ಆಗ ಕೋಲಾರ ಜಿಲ್ಲೆಯದೇ. ಇನ್ನೊಂದು ದಿನ ನನ್ನ ಕಡೆ ತಿರುಗಿ, ನಿಮ್ಮ ಮಾವ ಇಳಿಯುವ ಗಣಿಯಲ್ಲಿ ಏನು ನಡೆದಿದೆ ಗೊತ್ತೇನಯ್ಯ ಎಂದು ಕೇಳಿ ತಾವೇ ಹೇಳಿದರು. ಆಕಾಶದಿಂದ ವಿಶ್ವಕಿರಣಗಳ ಮಳೆ ಸದಾ ಸುರಿಯುತ್ತಿರುತ್ತದೆ. ನೆಲದ ಮೇಲೆ ಆ ಗದ್ದಲದಲ್ಲಿ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣದ ಗುರುತು ಹಿಡಿಯುವುದು ಅಸಾಧ್ಯ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಬಂಡೆ ಆ ಮಳೆಯನ್ನು ಹೆಚ್ಚೂಕಡಿಮೆ ತಡೆದುಬಿಡುತ್ತದೆ. ನ್ಯೂಟ್ರಿನೋ ಮಾತ್ರ ಭೂಮಿಯನ್ನೇ ತೂರಿಕೊಂಡು ಬರಬಲ್ಲದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಜ್ಞಾನಿಗಳೊಡನೆ ಅಲ್ಲಿ ಉಪಕರಣ ಹೂಡಿ, ಅಡ್ಡಲಾಗಿ ಹಾದುಬರುವ ಕಣಗಳಿಗೆ ಕಾದು, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಜಗತ್ತಿಗೆ ಅದು ಮೊದಲು.

ಕೆ.ಜಿ.ಎಫ್. ಎಂದರೆ ಚಿನ್ನ ಎಂದಷ್ಟೇ ತಿಳಿದಿದ್ದ ನಾವು ಬೆಲ್ ಹೊಡೆದರೂ ಏಳಲಿಲ್ಲ.

2001ರಲ್ಲಿ ಗಣಿ ಮುಚ್ಚಿತು. ಮಾವ ಕೈಗೆ ಬಂದಷ್ಟು ಹಣ ಹಿಡಿದು ಮಾಲೂರಿಗೇ ಬಂದರು. ನ್ಯೂಟ್ರಿನೋ ಸಂಗತಿಯನ್ನು ನಾನು ಪಿಯುಸಿಯ ದಸರಾ ರಜೆಯಲ್ಲೇ ಅವರಿಗೆ ಹೇಳಿದ್ದೆ. ಮೇಲಿನಿಂದ ಏನೂ ಬರಬಾರದೆಂದೇ ವಿಜ್ಞಾನಿಗಳು ಅಷ್ಟು ಆಳಕ್ಕೆ ಇಳಿದದ್ದು ಎಂದಾಗ ಬೀಡಿ ಆರಿಸಿ ನನ್ನನ್ನೇ ನೋಡಿದರು.

'ಅದಕ್ಕೆ ಜಪಾನಿನಿಂದ ಬರಬೇಕಿತ್ತೇನೋ ಅಳಿಯಾ? ಅಲ್ಲಿಗೆ ಮೇಲಿನಿಂದ ಏನೂ ಬರಲ್ಲ ಅಂತ ನಮ್ಮ ಶಿಫ್ಟಿನವರನ್ನ ಕೇಳಿದ್ರೆ ನಾವೇ ಹೇಳ್ತಿದ್ವಲ್ಲ. ಊಟದ ಡಬ್ಬೀನೂ ನಾವೇ ಹೊತ್ಕೊಂಡು ಹೋಗ್ಬೇಕು.'