ಗಂಟು ಕಟ್ಟುವ ಮುನ್ನ: ಸಾಮೂಹಿಕ ಉಮ್ರಾ ಯಾತ್ರೆಯ ಸಿದ್ಧತೆ

ಅರಬಿ ಭಾಷೆಯಲ್ಲಿ ಯಾತ್ರೆಗೆ 'ಸಫರ್' ಎನ್ನುತ್ತಾರೆ. ಅದೇ ಧಾತುವಿಗೆ ಮುಸುಕು ಸರಿಸು, ತೆರೆದು ತೋರಿಸು ಎಂಬ ಅರ್ಥವೂ ಇದೆ. ಯಾತ್ರೆಯು ಮನುಷ್ಯನ ಸ್ವಭಾವವನ್ನು ತೆರೆದು ತೋರಿಸುವುದರಿಂದಲೇ ಅದಕ್ಕೆ ಈ ಹೆಸರು ಬಂತೆಂದು ಇಮಾಮ್ ಗಝ್ಝಾಲಿ ಬರೆದಿದ್ದಾರೆ. ಒಬ್ಬನ ಪ್ರಾಮಾಣಿಕತೆಯ ಬಗ್ಗೆ ಸಾಕ್ಷ್ಯ ಹೇಳಲು ಬಂದ ವ್ಯಕ್ತಿಯೊಡನೆ ಖಲೀಫಾ ಉಮರ್(ರ) ಮೂರು ವಿಷಯಗಳನ್ನು ಕೇಳಿದ್ದರಂತೆ. ನೀನು ಅವನ ನೆರೆಯವನೇ? ಅವನೊಡನೆ ಹಣದ ವ್ಯವಹಾರ ಮಾಡಿರುವೆಯಾ? ಅವನ ಜೊತೆ ಯಾತ್ರೆ ಮಾಡಿರುವೆಯಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ನೀನು ಅವನನ್ನು ಅರಿತಿಲ್ಲವೆಂದು ಉಮರ್(ರ) ಹೇಳಿದರು.

ಸಾಮೂಹಿಕ ಯಾತ್ರೆಯಲ್ಲಿ ಈ ಮೂರು ಪರೀಕ್ಷೆಗಳೂ ಒಟ್ಟಿಗೇ ನಡೆಯುತ್ತವೆ. ಒಂದೇ ಕೋಣೆಯಲ್ಲಿ ಮಲಗುವವರು ನೆರೆಯವರಾಗುತ್ತಾರೆ, ಒಂದೇ ಖರ್ಚಿನ ಪಾಲುದಾರರಾಗುತ್ತಾರೆ, ಒಂದೇ ದಾರಿಯ ಜೊತೆಗಾರರೂ ಆಗುತ್ತಾರೆ. ಆ ಪರೀಕ್ಷೆಗೆ ವಿಮಾನ ಏರುವ ತನಕ ಕಾಯಬೇಕಾಗಿಯೂ ಇಲ್ಲ. ಮುಂದಿನ ಜನವರಿಯಲ್ಲಿ ನಮ್ಮ ಮೊಹಲ್ಲಾದ 23 ಮಂದಿ ಉಮ್ರಾಕ್ಕೆ ಹೊರಡಬೇಕೆಂದು ಸಂಕಲ್ಪಿಸಿದ್ದೇವೆ. ಗುಂಪಿನ ಅತಿ ಹಿರಿಯರಿಗೆ 74 ವರ್ಷ, ಅತಿ ಕಿರಿಯ ಬಾಲಕನಿಗೆ 9. ಇಶಾ ನಮಾಝಿನ ಬಳಿಕ ಮಸೀದಿಯ ಹೊರಾಂಗಣದಲ್ಲಿ ಕೂತು ಕಳೆದ ಕೆಲವು ವಾರಗಳಿಂದ ನಡೆಸುತ್ತಿರುವ ಸಮಾಲೋಚನೆಗಳೇ ನಮಗೆ ಬಹಳಷ್ಟನ್ನು ಕಲಿಸಿವೆ. ಸಾಮೂಹಿಕ ಯಾತ್ರೆಗೆ ಸಿದ್ಧರಾಗುತ್ತಿರುವ ಇತರರಿಗೂ ಅವು ಉಪಯುಕ್ತವಾಗಬಹುದೆಂಬ ನಿರೀಕ್ಷೆಯಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬುತ್ತಿಯೂ ಭರವಸೆಯೂ

"ಅಲ್ಲಾಹನು ಕರೆದಿದ್ದಾನೆ, ಅವನೇ ತಲುಪಿಸುತ್ತಾನೆ. ಇಷ್ಟೆಲ್ಲ ಪಟ್ಟಿ, ಲೆಕ್ಕ ಏಕೆ?" ಎಂಬ ಮಾತು ಮೊದಲ ಸಭೆಯಲ್ಲೇ ಕೇಳಿಬಂತು. ಭಕ್ತಿಯಿಂದಲೇ ಹುಟ್ಟಿದ ಮಾತದು. ಆದರೆ ಅದಕ್ಕೆ ಉತ್ತರ 14 ಶತಮಾನಗಳ ಹಿಂದೆಯೇ ದೊರೆತಿದೆ. ಯಮನ್‌ನ ಕೆಲವರು ತಾವು ಅಲ್ಲಾಹನ ಮೇಲೆ ಭರವಸೆ ಇಟ್ಟವರೆಂದು ಹೇಳಿಕೊಂಡು ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಡುತ್ತಿದ್ದರು. ಮಕ್ಕಾ ತಲುಪಿದ ಬಳಿಕ ಜನರ ಮುಂದೆ ಕೈ ಚಾಚುತ್ತಿದ್ದರು. ಬುತ್ತಿ ಕಟ್ಟಿಕೊಂಡೇ ಹೊರಡಬೇಕೆಂದೂ ಬುತ್ತಿಗಳಲ್ಲಿ ಶ್ರೇಷ್ಠವಾದುದು ದೇವಭಯವೆಂದೂ ಬೋಧಿಸುವ ಅಲ್ ಬಕರಃ ಅಧ್ಯಾಯದ 197ನೇ ವಚನವು ಈ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ದೇವಭಯವನ್ನು ಶ್ರೇಷ್ಠ ಬುತ್ತಿಯೆಂದ ವಚನವೇ ರೊಟ್ಟಿಯ ಬುತ್ತಿಯನ್ನೂ ಕಡ್ಡಾಯಗೊಳಿಸಿತು ಎಂಬುದನ್ನು ಗಮನಿಸಬೇಕು.

ಪ್ರವಾದಿಯವರ(ಸ) ಹಿಜ್ರಾ ಯಾತ್ರೆಯನ್ನೇ ನೋಡಿ. ಮದೀನಾ ಇರುವುದು ಮಕ್ಕಾದ ಉತ್ತರಕ್ಕೆ. ಅವರು ಮೊದಲು ಸಾಗಿದ್ದು ದಕ್ಷಿಣದ ಸೌರ್ ಗುಹೆಯತ್ತ. ಅಲ್ಲಿ ಮೂರು ರಾತ್ರಿ ತಂಗಿದರು. ಅಬೂಬಕರ್‌ರ(ರ) ಮಗ ಅಬ್ದುಲ್ಲಾ ಹಗಲಿಡೀ ಮಕ್ಕಾದಲ್ಲಿದ್ದು ರಾತ್ರಿ ಸುದ್ದಿ ಮುಟ್ಟಿಸುತ್ತಿದ್ದರು. ಆಮಿರ್ ಬಿನ್ ಫುಹೈರಾ ಮೇಕೆ ಕುರಿಗಳನ್ನು ಅತ್ತ ಅಟ್ಟಿಕೊಂಡು ಬಂದು ಹಾಲು ಒದಗಿಸುತ್ತಿದ್ದರು. ಆಹಾರದ ಚೀಲ ಕಟ್ಟಲು ಅಸ್ಮಾ(ರ) ತಮ್ಮ ಸೊಂಟಪಟ್ಟಿಯನ್ನೇ ಹರಿದರು. ದಾರಿ ತೋರಲು ಗೊತ್ತುಪಡಿಸಿದ್ದ ಅಬ್ದುಲ್ಲಾ ಬಿನ್ ಉರೈಕಿತ್ ಮುಸ್ಲಿಮನೂ ಆಗಿರಲಿಲ್ಲ. ಅವನು ದಾರಿ ಬಲ್ಲವನಾಗಿದ್ದ, ನಂಬಿಕೆಗೆ ಅರ್ಹನಾಗಿದ್ದ. ಇಷ್ಟೆಲ್ಲ ಏರ್ಪಾಡು ಮಾಡಿದವರೇ ಗುಹೆಯ ಬಾಗಿಲಲ್ಲಿ ಶತ್ರುಗಳ ಕಾಲುಗಳು ಕಂಡಾಗ ಅಲ್ಲಾಹನು ನಮ್ಮ ಜೊತೆಗಿದ್ದಾನೆಂದು ಸಂಗಾತಿಯನ್ನು ಸಂತೈಸಿದರು. ಯೋಜನೆ ಮತ್ತು ತವಕ್ಕುಲ್ ಒಂದಕ್ಕೊಂದು ಎದುರಾಳಿಗಳಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಆದ್ದರಿಂದ ನಾವು ಪಟ್ಟಿ ಮಾಡಿದೆವು. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಮೆನಿಂಜೈಟಿಸ್ ಲಸಿಕೆಯನ್ನು ಅಲ್ಲಿಗೆ ತಲುಪುವ 10 ದಿನಗಳ ಮುನ್ನವೇ ಹಾಕಿಸಿಕೊಂಡಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರ ಚೀಟಿಯ ಸಮೇತ ಪೂರ್ತಿ ದಿನಗಳಿಗಾಗುವಷ್ಟು ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಮದೀನಾದ ರೌಝಾದಲ್ಲಿ ನಮಾಝ್ ಮಾಡಲು 'ನುಸುಕ್' ಆ್ಯಪ್ ಮೂಲಕ ಮೊದಲೇ ಅನುಮತಿ ಪಡೆಯಬೇಕು. ಅಲ್ಲಿ ಪುರುಷರಿಗೂ ಮಹಿಳೆಯರಿಗೂ ಬೇರೆ ಬೇರೆ ಸಮಯವಿದೆ. ಗುಂಪಿನ ಅರ್ಧ ಜನರ ಬಳಿ ಅಂತಹ ಫೋನೇ ಇರಲಿಲ್ಲ. ಇಬ್ಬರು ತರುಣರು ಆ ಹೊಣೆಯನ್ನು ಹೊತ್ತರು.

ಅಮೀರ್ ಯಾರು?

ಮೂವರು ಯಾತ್ರೆ ಹೊರಟರೂ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮೂವರಿಗೇ ನಾಯಕ ಬೇಕೆಂದ ಮೇಲೆ 23 ಮಂದಿಗೆ ಕೇಳಬೇಕೇ? ನಮ್ಮಲ್ಲಿ ಐದಾರು ಬಾರಿ ಹೋಗಿ ಬಂದವರಿದ್ದಾರೆ, ಊರಿನ ಗಣ್ಯರಿದ್ದಾರೆ. ಆದರೆ ನಾವು ಆರಿಸಿದ್ದು ಸರಕಾರಿ ಶಾಲೆಯ ಒಬ್ಬ ನಿವೃತ್ತ ಅಧ್ಯಾಪಕರನ್ನು. ಅವರು ಹಿಂದೆ ಒಮ್ಮೆ ಮಾತ್ರ ಹೋದವರು. ಮಕ್ಕಳ ತಲೆ ಎಣಿಸಿ ಅಭ್ಯಾಸವಿದ್ದವರು, ಯಾರ ಮೇಲೂ ಕೂಗಾಡದವರು ಎಂಬುದೇ ಅವರ ಅರ್ಹತೆಯಾಗಿತ್ತು. ಯಾತ್ರೆಯಲ್ಲಿ ಪ್ರವಾದಿಯವರು(ಸ) ತಂಡದ ಹಿಂಭಾಗದಲ್ಲಿದ್ದು, ಬಲಹೀನರನ್ನು ಮುಂದಕ್ಕೆ ಕರೆತರುತ್ತಿದ್ದರೆಂದೂ ಅವರಿಗಾಗಿ ಪ್ರಾರ್ಥಿಸುತ್ತಿದ್ದರೆಂದೂ ಜಾಬಿರ್(ರ) ವರದಿ ಮಾಡಿದ್ದಾರೆ. ಅಮೀರ್ ನಿಲ್ಲಬೇಕಾದ ಜಾಗ ಯಾವುದೆಂದು ಇದರಿಂದ ತಿಳಿಯುತ್ತದೆ.

ಬರೆದಿಟ್ಟ ಲೆಕ್ಕ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆಯೆಂದು ಕೇಳಿದರೆ ಹಲವರು ನಮಾಝ್ ಅಥವಾ ಉಪವಾಸವೆಂದು ಊಹಿಸುತ್ತಾರೆ. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇರುವ ವಚನ. ಹಿಜ್ರಾಕ್ಕೆಂದು ಅಬೂಬಕರ್(ರ) ಎರಡು ಒಂಟೆಗಳನ್ನು ಸಾಕಿ ಸಿದ್ಧಗೊಳಿಸಿದ್ದರು. ಒಂದನ್ನು ಸ್ವೀಕರಿಸುವಂತೆ ವಿನಂತಿಸಿದಾಗ, ಬೆಲೆ ಕೊಟ್ಟೇ ಪಡೆಯುವೆನೆಂದು ಪ್ರವಾದಿಯವರು(ಸ) ಹೇಳಿದರು. ಅಷ್ಟು ಆಪ್ತರ ನಡುವೆ, ಅಷ್ಟು ಅಪಾಯದ ಗಳಿಗೆಯಲ್ಲೂ ಲೆಕ್ಕ ಲೆಕ್ಕವಾಗಿಯೇ ಇತ್ತು.

ನಮ್ಮ ಪಕ್ಕದ ಊರಿನ ಒಂದು ಗುಂಪು ಕೆಲವು ವರ್ಷಗಳ ಹಿಂದೆ ಬಾಯಿಮಾತನ್ನೇ ನಂಬಿ ಮಧ್ಯವರ್ತಿಯೊಬ್ಬರ ಕೈಗೆ ಹಣ ಒಪ್ಪಿಸಿತ್ತು. ಹರಮ್‌ಗೆ ಹತ್ತು ಹೆಜ್ಜೆ ಎಂದಿದ್ದ ವಸತಿ ಬಸ್ಸಿನಲ್ಲಿ ಹೋಗಬೇಕಾದ ದೂರದಲ್ಲಿತ್ತು. ಕಾಯಿಲೆಯಿಂದ ಹೋಗಲಾಗದವರಿಗೆ ಬಿಡಿಗಾಸೂ ಹಿಂದಿರುಗಲಿಲ್ಲ. ಪುಣ್ಯಕಾರ್ಯದಲ್ಲಿ ಜಗಳ ಬೇಡವೆಂದು ಅವರು ಸುಮ್ಮನಾದರು. ಆದರೆ ಆ ಮನಸ್ತಾಪ ಇಂದಿಗೂ ಆರಿಲ್ಲ.

ನಾವು ಒಂದು ಪುಸ್ತಕ ತೆರೆದೆವು. ವೀಸಾ, ಟಿಕೆಟ್, ವಸತಿ, ಊಟ, ಝಿಯಾರತ್ ಸ್ಥಳಗಳ ವಾಹನ ಇವುಗಳಲ್ಲಿ ಯಾವುದು ಕೊಟ್ಟ ಹಣದೊಳಗೆ ಸೇರಿದೆ, ಯಾವುದು ಸೇರಿಲ್ಲ, ಒಂದು ಕೋಣೆಯಲ್ಲಿ ಎಷ್ಟು ಜನ, ಯಾರಾದರೂ ಹಿಂದೆ ಸರಿದರೆ ಎಷ್ಟು ಹಣ, ಯಾವಾಗ ವಾಪಸು ಎಂಬುದನ್ನೆಲ್ಲ ಬರೆದೆವು. ಪ್ರತಿಯೊಬ್ಬರೂ ಸಹಿ ಹಾಕಿದರು. ಸಹಿ ಬಾರದ ಇಬ್ಬರು ಉಮ್ಮಂದಿರಿಗೆ ಗಟ್ಟಿಯಾಗಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಲಾಯಿತು.

ಆ ಪುಸ್ತಕದ ಬೆಲೆ ಬೇಗನೇ ತಿಳಿಯಿತು. ಒಬ್ಬ ಸಹೋದರ ಎರಡನೇ ಕಂತು ಕಟ್ಟುವ ಮೊದಲು ತನ್ನ ಹೆಸರನ್ನು ಹಿಂತೆಗೆದುಕೊಂಡರು. ಮನೆ ಕಟ್ಟಲು ಪಡೆದಿದ್ದ ಸಾಲದ ಗಡುವು ಮೀರಿತ್ತು, ಸಾಲ ಕೊಟ್ಟವರಿಗೆ ಮಗಳ ಮದುವೆಯ ತುರ್ತಿತ್ತು. ಸಾಲ ಸಂದಾಯವೇ ಮೊದಲೆಂದು ಉಸ್ತಾದರು ಹೇಳಿದರು. ನಿಯಮ ಮೊದಲೇ ಬರೆದಿದ್ದುದರಿಂದ ಅವರು ಯಾರ ಮುಂದೆಯೂ ಕೈಕಟ್ಟಿ ನಿಂತು ಕಾರಣ ಹೇಳಬೇಕಾಗಲಿಲ್ಲ. ಅದೇ ವಾರ ಅವರ ಹಣ ಮರಳಿತು. ಆ ಸ್ಥಾನಕ್ಕೆ ಇನ್ನೊಬ್ಬರು ಬಂದರು. ಕಅಬಾದ ಮುಂದೆ ನಿಲ್ಲುವ ಆಸೆಯನ್ನು ಅದುಮಿ ಸಾಲ ತೀರಿಸಲು ಹೊರಟ ಆ ಸಹೋದರ ನಮಗಿಂತ ಮೊದಲೇ ತಲುಪಿದರೇನೋ ಎಂದು ನಮ್ಮಲ್ಲಿ ಹಲವರಿಗೆ ಅನಿಸಿತು.

ಬಲಹೀನರ ಹೆಜ್ಜೆ

ಅತ್ಯಂತ ಬಿಸಿಯಾದ ಚರ್ಚೆ ನಡೆದದ್ದು ಹಿರಿಯ ದಂಪತಿಯೊಬ್ಬರ ಬಗ್ಗೆ. 74 ವರ್ಷದ ಅವರಿಗೆ ಉಸಿರಾಟದ ತೊಂದರೆ, ಪತ್ನಿಗೆ ಮೊಣಕಾಲು ನೋವು. "ಅವರನ್ನು ಕರೆದೊಯ್ದರೆ ಉಳಿದವರ ಇಬಾದತ್‌ಗೆ ಸಮಯ ಉಳಿಯದು. ಅವರಿಗೆ ಬೇರೆ ಗುಂಪೇ ಒಳ್ಳೆಯದು" ಎಂದು ಒಬ್ಬ ಯುವಕ ಹೇಳಿದ. ಒರಟಾಗಿ ಕೇಳಿಸಿದರೂ ಅದು ಪೊಳ್ಳು ಮಾತಾಗಿರಲಿಲ್ಲ. ಸಫಾ ಮರ್ವಾಗಳ ನಡುವಿನ ಏಳು ಸುತ್ತುಗಳೆಂದರೆ ಸುಮಾರು 3 ಕಿ.ಮೀ. ನಡಿಗೆ. ಅದಕ್ಕೂ ಮೊದಲು ತವಾಫ್‌ನ ಏಳು ಸುತ್ತುಗಳು.

ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಉಸ್ತಾದರು ಎರಡು ಘಟನೆಗಳನ್ನು ನೆನಪಿಸಿದರು. ಉಸ್ಮಾನ್ ಬಿನ್ ಅಬಿಲ್ ಆಸ್‌ರನ್ನು(ರ) ಅವರ ಜನರಿಗೆ ಇಮಾಮರನ್ನಾಗಿ ನೇಮಿಸಿದಾಗ, ಅವರಲ್ಲಿನ ಅತ್ಯಂತ ಬಲಹೀನನನ್ನು ಗಮನದಲ್ಲಿಟ್ಟು ನಮಾಝ್ ನಡೆಸಬೇಕೆಂದು ಪ್ರವಾದಿಯವರು(ಸ) ಆದೇಶಿಸಿದ್ದರು. ಪ್ರವಾದಿ ಪತ್ನಿ ಉಮ್ಮು ಸಲಮಾ(ರ) ಅನಾರೋಗ್ಯವೆಂದು ತಿಳಿಸಿದಾಗ, ಜನರ ಹಿಂದಿನಿಂದ ವಾಹನದ ಮೇಲೆ ಕುಳಿತೇ ತವಾಫ್ ಮಾಡಲು ಅನುಮತಿಸಿದ್ದರು. ನಮಾಝಿನ ವೇಗವನ್ನೇ ಬಲಹೀನನು ನಿರ್ಧರಿಸುವಾಗ ಬಸ್ಸು ಹೊರಡುವ ಸಮಯವನ್ನು ಅವನು ನಿರ್ಧರಿಸಬಾರದೇ ಎಂದು ಉಸ್ತಾದರು ಕೇಳಿದರು.

ಆ ರಾತ್ರಿ ನಮ್ಮ ಕಾರ್ಯಕ್ರಮವೇ ಬದಲಾಯಿತು. ಮೊದಲು ಮಕ್ಕಾ ಎಂದಿದ್ದುದನ್ನು ಮೊದಲು ಮದೀನಾ ಎಂದು ಮಾಡಿದೆವು. ಹಾಗಾದರೆ ಹಿರಿಯರು ವಿಮಾನದಲ್ಲೇ ಇಹ್ರಾಮ್ ಧರಿಸಿ, ಇಳಿದ ಕೂಡಲೇ ದಣಿವಿನಲ್ಲಿ ಉಮ್ರಾ ನಿರ್ವಹಿಸಬೇಕಾಗಿಲ್ಲ. ಮದೀನಾದಲ್ಲಿ ನಾಲ್ಕು ದಿನ ದಣಿವಾರಿಸಿಕೊಂಡು ದುಲ್ ಹುಲೈಫಾದಿಂದ ಇಹ್ರಾಮ್ ಪ್ರವೇಶಿಸಬಹುದು. 2018ರಲ್ಲಿ ಆರಂಭವಾದ ಹರಮೈನ್ ರೈಲು ಈ ಎರಡು ಪುಣ್ಯನಗರಗಳ ನಡುವಿನ ಸುಮಾರು 450 ಕಿ.ಮೀ. ದಾರಿಯನ್ನು ಎರಡೂವರೆ ಗಂಟೆಯೊಳಗೆ ಕ್ರಮಿಸುತ್ತದೆ. ತರುಣರಿಗೆ ಅದರ ಮೇಲೆ ಆಸೆಯಿತ್ತು. ಆದರೆ ರೈಲು ದುಲ್ ಹುಲೈಫಾದಲ್ಲಿ ನಿಲ್ಲುವುದಿಲ್ಲ. ನಿಧಾನವಾಗಿ ಸ್ನಾನ ಮಾಡಿ, ಅಲ್ಲಿನ ಮಸೀದಿಯಲ್ಲಿ ನಮಾಝ್ ನಿರ್ವಹಿಸಿ ಹೊರಡಬಯಸುವ ಹಿರಿಯರಿಗೆ ಬಸ್ಸೇ ಅನುಕೂಲ. ಮರಳುವಾಗ ಮಕ್ಕಾದಿಂದ ಜಿದ್ದಾ ವಿಮಾನ ನಿಲ್ದಾಣಕ್ಕೆ ರೈಲೆಂದು ರಾಜಿಯಾಯಿತು. ಹರಮ್‌ಗೆ ಹತ್ತಿರದ ವಸತಿಗೆ ತಗಲುವ ಹೆಚ್ಚುವರಿ ಹಣಕ್ಕಾಗಿ ಎಲ್ಲರೂ ಖರೀದಿಗೆಂದು ತೆಗೆದಿಟ್ಟಿದ್ದ ಮೊತ್ತದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರು. ಗಾಲಿಕುರ್ಚಿ ತಳ್ಳುವ ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ಬರೆಸಿದ್ದು ಆ ಯುವಕನೇ.

ಒಂದೇ ಸಫ್ಫಿನ ಭಿನ್ನ ಮದ್‌ಹಬ್‌ಗಳು

ಕರಾವಳಿಯ ಗುಂಪಿನಲ್ಲಿ ಶಾಫಿಈಗಳೂ ಹನಫಿಗಳೂ ಜೊತೆಗಿರುವುದು ಸಾಮಾನ್ಯ. ಯಾತ್ರೆಯಲ್ಲಿ ಲುಹರ್ ಮತ್ತು ಅಸರ್ ನಮಾಝ್‌ಗಳನ್ನು ಒಟ್ಟುಗೂಡಿಸಿ ನಿರ್ವಹಿಸಲು ಶಾಫಿಈ ಮದ್‌ಹಬ್‌ನಲ್ಲಿ ಅನುಮತಿಯಿದೆ. ಹನಫಿಗಳು ಅರಫಾ, ಮುಝ್ದಲಿಫಾಗಳ ಹೊರತು ಹಾಗೆ ಮಾಡುವುದಿಲ್ಲ. ಆದ್ದರಿಂದ ಎರಡೂ ಹೊತ್ತಿಗೆ ಬಸ್ ನಿಲ್ಲಿಸುವುದೆಂದು ಬರೆದೆವು. ಅನುಮತಿ ಇರುವವರು ಅದನ್ನು ಬಳಸಿಕೊಳ್ಳಲಿ, ಬಳಸದವರ ಬಗ್ಗೆ ಯಾರೂ ಗೊಣಗದಿರಲಿ. ಇಬ್ಬರು ವಿಧವೆಯರ ಪ್ರಶ್ನೆಯೂ ಬಂತು. ಒಬ್ಬರದು ಮೊದಲ ಉಮ್ರಾ. ಅದು ಕಡ್ಡಾಯ ಕರ್ಮವಾದ್ದರಿಂದ ವಿಶ್ವಾಸಾರ್ಹ ಮಹಿಳೆಯರ ಜೊತೆ ಹೋಗಬಹುದೆಂಬ ಶಾಫಿಈ ನಿಲುವನ್ನು ಉಸ್ತಾದರು ತಿಳಿಸಿದರು. ಹಿಂದೊಮ್ಮೆ ಉಮ್ರಾ ನಿರ್ವಹಿಸಿದ್ದ ಇನ್ನೊಬ್ಬರ ಜೊತೆ ಹೊರಡಲು ಅವರ ತಮ್ಮನೇ ಮುಂದೆ ಬಂದರು.

ಮರ್ವ್‌ನ ಪೆಟ್ಟಿಗೆ

ಸಾಮೂಹಿಕ ಯಾತ್ರೆಯ ಮಾತು ಬಂದಾಗ ಅಬ್ದುಲ್ಲಾ ಬಿನ್ ಮುಬಾರಕ್‌ರನ್ನು ಸ್ಮರಿಸದಿರಲಾಗದು. ಇಂದಿನ ತುರ್ಕ್‌ಮೆನಿಸ್ತಾನದಲ್ಲಿರುವ ಮರ್ವ್ ನಗರದ ಈ ಮಹಾನ್ ವಿದ್ವಾಂಸರು ಹಿಜರಿ 181ರಲ್ಲಿ, ಅಂದರೆ ಕ್ರಿ.ಶ. 797ರಲ್ಲಿ ನಿಧನರಾದರು. ಹಜ್ಜ್‌ನ ಕಾಲ ಬಂದಾಗ ಊರಿನವರು ಅವರ ಜೊತೆ ಹೊರಡಲು ಬಯಸುತ್ತಿದ್ದರು. ಅವರೆಲ್ಲರ ಹಣದ ಚೀಲಗಳನ್ನು ಪಡೆದು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಬಳಿಕ ಬಗ್ದಾದ್, ಮದೀನಾ, ಮಕ್ಕಾಗಳವರೆಗೆ ಉತ್ತಮ ಆಹಾರ, ಒಳ್ಳೆಯ ಉಡುಪು ಒದಗಿಸುತ್ತಾ ಕರೆದೊಯ್ಯುತ್ತಿದ್ದರು. ಮನೆಯವರು ಏನೇನು ತರಲು ಹೇಳಿದ್ದಾರೆಂದು ಕೇಳಿ ಅದನ್ನೂ ಕೊಡಿಸುತ್ತಿದ್ದರು. ಊರಿಗೆ ಮರಳಿದ ಮೂರು ದಿನಗಳ ಬಳಿಕ ಔತಣವಿತ್ತು, ಪೆಟ್ಟಿಗೆ ತೆರೆದು, ಹೆಸರು ಬರೆದಿದ್ದ ಚೀಲಗಳನ್ನು ಹಾಗೆಯೇ ಮರಳಿಸುತ್ತಿದ್ದರು. ಖರ್ಚೆಲ್ಲ ಅವರದೇ ಆಗಿರುತ್ತಿತ್ತು.

ಅಂತಹ ಸಿರಿವಂತಿಕೆ ನಮ್ಮಲ್ಲಿಲ್ಲ. ಆದರೆ ಅವರು ಮೊದಲಿಗೆ ಎಲ್ಲರ ಹಣವನ್ನೂ ಏಕೆ ಪಡೆದರು? ಜೊತೆಗಾರರು ಋಣದ ಭಾರದಿಂದ ಕುಗ್ಗಬಾರದೆಂಬ ಎಚ್ಚರ ಅದರಲ್ಲಿದ್ದಿರಬೇಕು. ಈ ಎಚ್ಚರಕ್ಕೆ ಸಿರಿವಂತಿಕೆ ಬೇಕಿಲ್ಲ. ಚಹಾದ ಹಣ ಕೊಟ್ಟದ್ದನ್ನು ಮತ್ತೆ ಮತ್ತೆ ಹೇಳದಿರುವುದು, ಹಿರಿಯರ ಚೀಲ ಹೊತ್ತದ್ದನ್ನು ಊರಿನಲ್ಲಿ ಸಾರದಿರುವುದು ನಮ್ಮಿಂದಲೂ ಸಾಧ್ಯ.

ಇನ್ನು ಕೆಲವು ತಿಂಗಳುಗಳಿವೆ. ಟಿಕೆಟ್ ಸಿಗಬಹುದು, ಸಿಗದೆಯೂ ಇರಬಹುದು. ನಮ್ಮಲ್ಲಿ ಎಲ್ಲರೂ ಆ ದಿನದವರೆಗೆ ಬದುಕಿರುವೆವೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದ್ದರಿಂದಲೇ ಮುರಿದ ಸಂಬಂಧಗಳನ್ನು ಜೋಡಿಸುವ, ಕ್ಷಮೆ ಕೇಳುವ, ವಸಿಯ್ಯತ್ ಬರೆದಿಡುವ ಕೆಲಸವನ್ನು ಕೊನೆಯ ವಾರಕ್ಕೆ ಬಿಡದೆ ಈಗಲೇ ಆರಂಭಿಸಿದ್ದೇವೆ. ಪುಣ್ಯಭೂಮಿಯನ್ನು ತಲುಪಿಸುವುದು ಅಲ್ಲಾಹನ ಇಚ್ಛೆ. ಪರಸ್ಪರರನ್ನು ಸಹಿಸಿ, ಬಲಹೀನರನ್ನು ಮುಂದಿಟ್ಟು, ಲೆಕ್ಕ ಶುದ್ಧವಾಗಿಟ್ಟು ಸಿದ್ಧರಾಗುವುದು ನಮ್ಮ ಪಾಲಿನ ಕೆಲಸ. ಹೊರಟವರ ಯಾತ್ರೆಯನ್ನೂ ಹೊರಡಲಾಗದವರ ಸಂಕಲ್ಪವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.